ಕೋಳಿಮರಿ ಸೀನುತ್ತಿದೆಯಾ? ಔಷಧಿಗೆ ಮುಂಚೆ ನೋಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ಒಂದು ಮರಿ ಸೀನಿದರೆ ಸಾಕು, ಹೆಚ್ಚಿನವರ ಕೈ ನೇರವಾಗಿ ಆಂಟಿಬಯಾಟಿಕ್ ಪುಡಿಯ ಕಡೆ ಹೋಗುತ್ತದೆ. ನೀರಿಗೆ ಒಂದಿಷ್ಟು ಕಲಸಿ ಇಟ್ಟರೆ ಏನೋ ಮಾಡಿದ ಸಮಾಧಾನ. ಆದರೆ ಎಳೆಯ ಮರಿಗಳ ಉಸಿರಾಟದ ತೊಂದರೆಯಲ್ಲಿ ಔಷಧಿಯ ಸರದಿ ಕೊನೆಗೆ ಬರುತ್ತದೆ. ಮೊದಲು ನೋಡಬೇಕಾದ್ದು ಮರಿ ಇರುವ ಜಾಗದ ಗಾಳಿ, ಶಾಖ ಮತ್ತು ಹಾಸು, ಅಂದರೆ ಕೆಳಗೆ ಹರಡುವ ಹೊಟ್ಟು, ಮರದ ಪುಡಿ. ಆಮೇಲೆ ಇದು ಯಾವ ಬಗೆಯ ಕಾಯಿಲೆ ಅನ್ನುವ ಅಂದಾಜು. ಇವೆರಡನ್ನೂ ಬಿಟ್ಟು ಕೊಟ್ಟ ಔಷಧಿ ಎಷ್ಟೋ ಸಲ ದಂಡ.

ಮೊಟ್ಟೆಯೊಡೆದು ಬಂದ ದಿನದಿಂದ ಸುಮಾರು ಆರು ವಾರದವರೆಗಿನ ಮರಿಗಳ ಬಗ್ಗೆ ಇಲ್ಲಿ ಹೇಳಿದ್ದೇನೆ. ಸಾವಿರಾರು ಮರಿಗಳ ಫಾರಂ ನಡೆಸುವವರಿಗೆ ತಮ್ಮದೇ ವೈದ್ಯರಿರುತ್ತಾರೆ. ಇದು ಸ್ವಲ್ಪವೇ ಮರಿಗಳನ್ನು ಸಾಕುವವರಿಗಾಗಿ.

ಒಂದು ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕೋಳಿಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟಕ್ಕೆ ನೆರವಾಗುವ ವಪೆ ಇಲ್ಲ. ಎದೆಗೂಡನ್ನೇ ಆಡಿಸಿ ಅದು ಗಾಳಿ ಎಳೆದುಕೊಳ್ಳುತ್ತದೆ. ಶ್ವಾಸಕೋಶದ ಜೊತೆಗೆ ಮೈಯೊಳಗೆ 9 ಗಾಳಿಚೀಲಗಳಿವೆ. ಅವು ಕುತ್ತಿಗೆಯ ಬುಡದಿಂದ ಹೊಟ್ಟೆಯವರೆಗೂ ಹಬ್ಬಿಕೊಂಡಿರುತ್ತವೆ. ಹಾಗಾಗಿ ಮೂಗಿನಲ್ಲಿ ಶುರುವಾದ ಸೋಂಕು ಮೈಯೆಲ್ಲ ಹರಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇದರಿಂದ ಇನ್ನೊಂದು ಪಾಠವೂ ಇದೆ. ಕಾಯಿಲೆ ಮರಿಯನ್ನು ಹಿಡಿಯುವಾಗ ಎದೆಯನ್ನು ಬಿಗಿಯಾಗಿ ಅದುಮಬೇಡಿ. ಎದೆ ಆಡದಿದ್ದರೆ ಉಸಿರೇ ಇಲ್ಲ. ಅಂಗೈ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯನ್ನು ಬೆನ್ನ ಮೇಲೆ ಹಗುರವಾಗಿ ಇಟ್ಟರೆ ಸಾಕು.

ಮೊದಲ ಹೆಜ್ಜೆ: ಸುಮ್ಮನೆ ಕೂತು ನೋಡಿ, ಕೇಳಿ

ಎಲ್ಲ ಸೀನೂ ಕಾಯಿಲೆಯಲ್ಲ. ಪುಡಿ ಆಹಾರ ತಿನ್ನುವಾಗ ಮೂಗಿಗೆ ದೂಳು ಹೋಗಿ ಮರಿ ಒಂದೆರಡು ಸಲ ಸೀನುತ್ತದೆ. ಹೊಸ ಹಾಸು ಹಾಕಿದ ದಿನವೂ ಹಾಗೇ. ನೀರು ಕುಡಿದು ತಲೆ ಕೊಡವುವುದು ಕೂಡ ಮಾಮೂಲಿ. ಕೋಳಿಗಳ ವೈರಸ್ ಕಾಯಿಲೆಗಳಾದ ರಾಣಿಖೇತ್ ಅಥವಾ ಬ್ರಾಂಕೈಟಿಸ್ ರೋಗದ ಜೀವಂತ ಲಸಿಕೆಯನ್ನು ಕಣ್ಣಿಗೆ ಹನಿ ಹಾಕಿದ ಮೇಲೆ ಕೆಲವು ದಿನ ಸಣ್ಣಗೆ ಸೀನುವುದೂ ಉಂಟು. ಅದು ಲಸಿಕೆ ಕೆಲಸ ಮಾಡುತ್ತಿರುವ ಲಕ್ಷಣ. ಮರಿ ಚುರುಕಾಗಿದ್ದು, ತಿಂದು ಕುಡಿಯುತ್ತಿದ್ದರೆ ಅದಕ್ಕೆ ಔಷಧಿ ಬೇಡ.

ಸರಿಯಾಗಿ ಗೊತ್ತಾಗಬೇಕೆಂದರೆ ರಾತ್ರಿ ಮರಿಗಳು ಸುಮ್ಮನಾದ ಮೇಲೆ ಹತ್ತಿರ ಹೋಗಿ ಕಿವಿಗೊಡಿ. ಹಗಲು ಚಿಂವ್ ಚಿಂವ್ ಸದ್ದಿನಲ್ಲಿ ಮುಚ್ಚಿಹೋಗುವ ಗೊರಗೊರ, ಸಣ್ಣ ಕೆಮ್ಮು, ಕ್ಲಿಕ್ ಅನ್ನುವ ಸದ್ದು ಆಗ ಸ್ಪಷ್ಟವಾಗಿ ಕೇಳುತ್ತವೆ. ಅನುಮಾನ ಬಂದ ಮರಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದರೆ ಒಳಗಿನ ಗರಗರ ಇನ್ನೂ ಚೆನ್ನಾಗಿ ಕೇಳುತ್ತದೆ.

ಆಮೇಲೆ ಬೆಳಕಿನಲ್ಲಿ ನೋಡಿ. ಮೂಗಿನ ಹೊಳ್ಳೆ ಒದ್ದೆಯಾಗಿದೆಯಾ, ಅದಕ್ಕೆ ಆಹಾರ ಅಂಟಿ ಗಟ್ಟಿಯಾಗಿದೆಯಾ? ಕಣ್ಣಂಚಿನಲ್ಲಿ ನೊರೆ ಇದೆಯಾ? ರೆಕ್ಕೆಯ ಮೇಲೆ ಸಿಂಬಳ ಒರೆಸಿದ ಗುರುತು ಇದೆಯಾ? ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದೆಯಾ? ಬಾಲ ಹಾಗೆ ಆಡುತ್ತಿದ್ದರೆ ಮರಿ ಉಸಿರಿಗಾಗಿ ಒದ್ದಾಡುತ್ತಿದೆ ಅಂತಲೇ ಅರ್ಥ. ಕೊಕ್ಕು ತೆರೆದು, ಕತ್ತು ಚಾಚಿ ಗಾಳಿ ಎಳೆಯುತ್ತಿದ್ದರೆ, ನಾಲಿಗೆ ಅಥವಾ ಬಾಯೊಳಗೆ ನೀಲಿ ಬಣ್ಣ ಕಂಡರೆ ತಡ ಮಾಡಬೇಡಿ. ಅವತ್ತೇ ಪಶುವೈದ್ಯರಿಗೆ ತೋರಿಸಿ.

ಬಾಯಿ ತೆರೆದದ್ದೆಲ್ಲ ಕಾಯಿಲೆಯೂ ಅಲ್ಲ. ಸೆಕೆಯಾದರೂ ಮರಿ ಬಾಯಿ ತೆರೆಯುತ್ತದೆ. ಆಗ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಶಾಖದ ಬಲ್ಬಿನಿಂದ ದೂರ ನಿಂತು ಬೇಗ ಬೇಗ ಏದುಸಿರು ಬಿಡುತ್ತದೆ. ಶಾಖ ಕಡಿಮೆ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಸೆಕೆ ಅಲ್ಲ ಅಂತ ತಿಳಿಯಿರಿ.

ಎಷ್ಟು ಮರಿಗೆ ತೊಂದರೆ, ಯಾವತ್ತಿನಿಂದ, ಎಷ್ಟು ದಿನದ ಮರಿ, ಇತ್ತೀಚೆಗೆ ಏನು ಬದಲಾಯಿತು ಅನ್ನುವುದನ್ನೆಲ್ಲ ಒಂದು ಕಾಗದದಲ್ಲಿ ಬರೆದಿಡಿ. ಹೊಸ ಆಹಾರದ ಮೂಟೆ, ಹೊಸ ಹಾಸು, ಹೊಸ ಮರಿ, ಲಸಿಕೆ, ಬಂದು ಹೋದ ಜನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಂದೆ ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಇವೇ.

ಎರಡನೆಯ ಹೆಜ್ಜೆ: ಬೇರೆ ಮಾಡಿ, ಆದರೆ ಚಳಿಗೆ ಹಾಕಬೇಡಿ

ಒಂದೆರಡು ಮರಿಗೆ ಮಾತ್ರ ತೊಂದರೆ ಇದ್ದರೆ ತಕ್ಷಣ ಬೇರೆ ಪೆಟ್ಟಿಗೆಗೆ ಹಾಕಿ. ಅದು ಬೇರೆ ಕೋಣೆಯಲ್ಲಿದ್ದರೆ ಒಳ್ಳೆಯದು. ಪಕ್ಕದಲ್ಲೇ ಇಟ್ಟರೆ ಕೆಮ್ಮಿದ ಹನಿಗಳು ಗಾಳಿಯಲ್ಲಿ ಆ ಕಡೆ ಹೋಗುತ್ತವೆ. ಇಲ್ಲಿ ಬಹಳ ಜನ ಎಡವುವುದು ಶಾಖದ ವಿಷಯದಲ್ಲಿ. ಗುಂಪಿನಲ್ಲಿದ್ದಾಗ ಮರಿಗೆ ಇತರ ಮರಿಗಳ ಮೈಬಿಸಿ ಸಿಗುತ್ತಿತ್ತು. ಒಂಟಿಯಾದ ಮೇಲೆ ಅದೂ ಇಲ್ಲ. ಶಾಖ ಕೊಡದೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟ ಕಾಯಿಲೆ ಮರಿ ಬೆಳಗಾಗುವಷ್ಟರಲ್ಲಿ ಚಳಿಗೇ ಸಾಯಬಹುದು.

ಅರ್ಧಕ್ಕಿಂತ ಜಾಸ್ತಿ ಮರಿಗಳು ಸೀನುತ್ತಿದ್ದರೆ ಬೇರೆ ಮಾಡಿ ಪ್ರಯೋಜನವಿಲ್ಲ. ಇಡೀ ಗುಂಪೇ ಕಾಯಿಲೆ ಗುಂಪು ಅಂದುಕೊಳ್ಳಿ. ತೀರಾ ಸೊರಗಿ ಇತರ ಮರಿಗಳ ತುಳಿತಕ್ಕೆ ಸಿಗುತ್ತಿರುವವನ್ನು ಮಾತ್ರ ಎತ್ತಿಡಿ.

ಅವತ್ತಿನಿಂದ ಕೆಲಸದ ಕ್ರಮವೂ ಬದಲಾಗಬೇಕು. ಆರೋಗ್ಯವಾಗಿರುವವಕ್ಕೆ ಮೊದಲು ನೀರು, ಆಹಾರ. ಕಾಯಿಲೆಯವಕ್ಕೆ ಕೊನೆಗೆ. ಎರಡೂ ಕಡೆಗೆ ಬೇರೆ ಬೇರೆ ಪಾತ್ರೆ, ಬೇರೆ ಚಪ್ಪಲಿ. ಮಧ್ಯೆ ಸೋಪು ಹಚ್ಚಿ ಕೈ ತೊಳೆಯಿರಿ. ರಾಣಿಖೇತ್ ವೈರಸ್ ಮನುಷ್ಯರ ಕಣ್ಣಿಗೆ ತಗುಲಿದರೆ ಕಣ್ಣು ಕೆಂಪಾಗಿ ಉರಿಯುತ್ತದೆ. ಹಾಗಾಗಿ ಕಾಯಿಲೆ ಮರಿ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ. ಮಕ್ಕಳು ಮರಿಗೆ ಮುತ್ತು ಕೊಡುವುದು ಯಾವತ್ತೂ ಬೇಡ.

ಮೂರನೆಯ ಹೆಜ್ಜೆ: ಮರಿ ಇರುವ ಜಾಗವನ್ನು ಸರಿಮಾಡಿ

ನನ್ನ ಕೇಳಿದರೆ ಇಡೀ ಲೇಖನದಲ್ಲಿ ಮುಖ್ಯವಾದ ಭಾಗ ಇದೇ.

ಶಾಖದಿಂದ ಶುರು ಮಾಡೋಣ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬಂದು, 21 ಡಿಗ್ರಿಯ ಹತ್ತಿರ ನಿಲ್ಲಿಸಬಹುದು. ಥರ್ಮಾಮೀಟರನ್ನು ಗೋಡೆಗೆ ನೇತುಹಾಕಿದರೆ ಉಪಯೋಗವಿಲ್ಲ, ಮರಿ ನಿಲ್ಲುವ ಎತ್ತರದಲ್ಲಿಡಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದರೆ ಚಳಿ. ಅಂಚಿಗೆ ಓಡಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆಯಲ್ಲಿ ಒತ್ತಿಕೊಂಡಿದ್ದರೆ ಎದುರು ಕಡೆಯಿಂದ ಎಲ್ಲೋ ಗಾಳಿ ಹೊಡೆಯುತ್ತಿದೆ. ಹರಡಿಕೊಂಡು ಕೆಲವು ತಿನ್ನುತ್ತಾ, ಕೆಲವು ಮಲಗಿದ್ದರೆ ಎಲ್ಲ ಸರಿಯಿದೆ.

ಶಾಖ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇರಲಿ. ಬೇಕಾದಾಗ ಹತ್ತಿರ, ಸಾಕಾದಾಗ ದೂರ. ಅದನ್ನು ಮರಿಗೇ ಬಿಡಿ.

ಇನ್ನು ಗಾಳಿ. ಚಳಿಯಾಗುತ್ತದೆ ಅಂತ ಪೆಟ್ಟಿಗೆಯನ್ನು ಸುತ್ತಲೂ, ಮೇಲೂ ಗೋಣಿಚೀಲ ಹೊದಿಸಿ ಮುಚ್ಚಿಬಿಡುತ್ತಾರಲ್ವಾ, ಅದು ಮರಿಗಳನ್ನು ಉಸಿರುಗಟ್ಟಿಸಿದ ಹಾಗೆ. ಹಿಕ್ಕೆಯಿಂದ ಏಳುವ ಅಮೋನಿಯಾ, ತೇವ, ದೂಳು ಎಲ್ಲ ಒಳಗೇ ಉಳಿಯುತ್ತವೆ. ಶ್ವಾಸನಾಳದ ಒಳಮೈಯಲ್ಲಿ ಕೂದಲಿಗಿಂತ ಸೂಕ್ಷ್ಮವಾದ ರೋಮಗಳಿವೆ. ದೂಳು, ರೋಗಾಣುಗಳನ್ನು ಮೇಲಕ್ಕೆ ತಳ್ಳಿ ಹೊರಹಾಕುವುದು ಅವುಗಳ ಕೆಲಸ. ಅಮೋನಿಯಾ ಆ ರೋಮಗಳನ್ನೇ ಸುಟ್ಟು ನಿಷ್ಕ್ರಿಯ ಮಾಡುತ್ತದೆ. ಆಮೇಲೆ ಯಾವ ಸೋಂಕು ಬಂದರೂ ತಡೆಯುವವರಿಲ್ಲ.

ಕೆಳಗಡೆ ಗಾಳಿ ಹೊಡೆಯಬಾರದು, ಮೇಲ್ಗಡೆ ಗಾಳಿ ಆಡಬೇಕು. ಇಷ್ಟೇ ಸೂತ್ರ. ಮರಿಯ ಎತ್ತರಕ್ಕೆ ಸುತ್ತಲೂ ಮರೆ ಕಟ್ಟಿ, ಮೇಲ್ಭಾಗ ತೆರೆದಿರಲಿ ಅಥವಾ ಬಲೆ ಇರಲಿ. ಅಮೋನಿಯಾ ಇದೆಯಾ ಅಂತ ತಿಳಿಯಲು ಮೊಣಕಾಲೂರಿ, ಮೂಗನ್ನು ಮರಿಗಳ ಮಟ್ಟಕ್ಕೆ ತಂದು ಒಂದು ನಿಮಿಷ ಉಸಿರಾಡಿ. ನಿಮ್ಮ ಮೂಗಿಗೆ ಘಾಟು ಬಡಿಯಿತು ಅಂದರೆ ಮರಿಗಳಿಗೆ ಆಗಲೇ ತೊಂದರೆಯಾಗುವ ಮಟ್ಟ ತಲುಪಿದೆ. ಮನುಷ್ಯರ ಮೂಗಿಗೆ ಅಮೋನಿಯಾ ಚೆನ್ನಾಗಿ ತಿಳಿಯುವುದೇ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 20ರಿಂದ 25 ಭಾಗ ಸೇರಿದ ಮೇಲೆ. ದಿನಾ ಒಳಗೆ ಹೋಗಿ ಬರುವವರ ಮೂಗು ಒಗ್ಗಿಹೋಗಿರುತ್ತದೆ. ಹೊರಗಿನವರನ್ನು ಕರೆದು ಮೂಸಲು ಹೇಳಿದರೂ ತಪ್ಪಿಲ್ಲ.

ಹಾಸು 5ರಿಂದ 8 ಸೆಂಟಿಮೀಟರ್ ದಪ್ಪ ಇದ್ದರೆ ಸಾಕು. ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಉಂಡೆ ಕಟ್ಟಿ ಹಾಗೇ ನಿಂತರೆ ಒದ್ದೆ ಜಾಸ್ತಿ. ಕೈ ಬಿಟ್ಟ ಕೂಡಲೇ ದೂಳಾಗಿ ಹಾರಿದರೆ ಒಣ ಜಾಸ್ತಿ. ಸ್ವಲ್ಪ ಅಂಟಿ ಮೆಲ್ಲಗೆ ಬಿಡಿಸಿಕೊಂಡರೆ ಹದ ಸರಿ. ನೀರಿನ ಪಾತ್ರೆಯ ಸುತ್ತ ಯಾವಾಗಲೂ ಒದ್ದೆಯಾಗುತ್ತದೆ. ಅಷ್ಟು ಭಾಗವನ್ನು ದಿನಾ ತೆಗೆಯಿರಿ. ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಏರಿಸಿದರೆ ಚೆಲ್ಲುವುದೂ ಕಡಿಮೆ. ಬೂಸ್ಟು ಹಿಡಿದ ಹೊಟ್ಟು, ಹುಲ್ಲು, ಮರದ ಪುಡಿ ಮಾತ್ರ ಒಳಗೆ ಕಾಲಿಡಬಾರದು. ಬಿಸಿಲಿಗೆ ಹಾಕಿ ಒಣಗಿಸಿದರೂ ಬೂಸ್ಟಿನ ಬೀಜಕಣಗಳು ಸಾಯುವುದಿಲ್ಲ. ಸುವಾಸನೆಯ ದೇವದಾರು ಜಾತಿಯ ಮರದ ಪುಡಿಯೂ ಬೇಡ. ಅದರ ಎಣ್ಣೆ ಉಸಿರಾಟಕ್ಕೆ ಕಿರಿಕಿರಿ ಮಾಡುತ್ತದೆ.

ಇನ್ನೆರಡು ಎಚ್ಚರಿಕೆ. ಒಡೆಯದಂತೆ ಟೆಫ್ಲಾನ್ ಬಗೆಯ ಲೇಪ ಕೊಟ್ಟ ಶಾಖದ ಬಲ್ಬುಗಳಿವೆ. ಲೇಪ ಕಾದಾಗ ಬರುವ ಹೊಗೆ ಹಕ್ಕಿಗಳಿಗೆ ವಿಷ. ನಿನ್ನೆ ಚೆನ್ನಾಗಿದ್ದ ಮರಿಗಳು ಹೊಸ ಬಲ್ಬು ಹಾಕಿದ ಮೇಲೆ ಒಮ್ಮೆಲೇ ಏದುಸಿರು ಬಿಟ್ಟು ಸತ್ತರೆ ಮೊದಲು ಬಲ್ಬಿನ ಮೇಲೆ ಅನುಮಾನ ಪಡಿ. ಎರಡನೆಯದು ಕೆಂಡ. ಕೆಂಡದ ಬುಟ್ಟಿಯಿಂದ ಶಾಖ ಕೊಡುವವರು ಕೋಣೆ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ. ಮರಿಗಷ್ಟೇ ಅಲ್ಲ, ಅದೇ ಕೋಣೆಯಲ್ಲಿ ಮಲಗುವವರಿಗೂ ಅಪಾಯ.

ಇಷ್ಟು ಸರಿಮಾಡಿ ಒಂದು ದಿನ ಕಾದರೆ, ಬರೀ ದೂಳು ಮತ್ತು ಅಮೋನಿಯಾದಿಂದ ಬಂದ ಸೀನು ತಾನಾಗೇ ಕಡಿಮೆಯಾಗುತ್ತದೆ. ಆದರೆ ಮರಿಗಳು ಸಾಯುತ್ತಿದ್ದರೆ ಹೀಗೆ ಕಾಯುತ್ತಾ ಕೂರಬೇಡಿ.

ನಾಲ್ಕನೆಯ ಹೆಜ್ಜೆ: ಯಾವ ಕಾಯಿಲೆ ಇರಬಹುದು?

ಕಣ್ಣಿಂದ ನೋಡಿ ಖಚಿತವಾಗಿ ಹೇಳಲು ವೈದ್ಯರಿಗೂ ಕಷ್ಟ. ಆದರೂ ವಯಸ್ಸು, ಹರಡುವ ವೇಗ, ಸದ್ದು ಈ ಮೂರನ್ನು ಜೋಡಿಸಿದರೆ ಒಂದು ಅಂದಾಜು ಸಿಗುತ್ತದೆ.

ಮೂರು ವಾರದೊಳಗಿನ ಮರಿ ಬಾಯಿ ತೆರೆದು ಒದ್ದಾಡುತ್ತಿದೆ, ಆದರೆ ಗೊರಗೊರ ಸದ್ದೇ ಇಲ್ಲ ಅಂದರೆ ಬ್ರೂಡರ್ ನ್ಯುಮೋನಿಯಾ ಇರಬಹುದು. ಇದು ಆಸ್ಪರ್ಜಿಲಸ್ ಅನ್ನುವ ಬೂಸ್ಟಿನಿಂದ ಬರುತ್ತದೆ. ಬೂಸ್ಟು ಹಿಡಿದ ಹಾಸು, ಆಹಾರ ಅಥವಾ ಕೊಳಕಾದ ಮೊಟ್ಟೆ ಮರಿಮಾಡುವ ಯಂತ್ರ ಇದರ ಮೂಲ. ಮರಿಯಿಂದ ಮರಿಗೆ ಹರಡುವುದಿಲ್ಲ. ಹಲವು ಮರಿಗೆ ಒಟ್ಟಿಗೆ ಬರುವುದು ಎಲ್ಲವೂ ಒಂದೇ ಗಾಳಿ ಕುಡಿದದ್ದರಿಂದ. ಸತ್ತ ಮರಿಯ ಶ್ವಾಸಕೋಶದಲ್ಲಿ ಹಳದಿ, ಬಿಳಿ ಗಂಟುಗಳು ಕಾಣುತ್ತವೆ. ಆಂಟಿಬಯಾಟಿಕ್ ಇದಕ್ಕೆ ಏನೂ ಮಾಡುವುದಿಲ್ಲ. ಉಳಿದ ಮರಿಗಳನ್ನು ಉಳಿಸುವ ದಾರಿ ಒಂದೇ. ಹಾಸು, ಆಹಾರ ಎರಡನ್ನೂ ಅವತ್ತೇ ಪೂರ್ತಿ ಬದಲಿಸಿ.

ಒಂದೆರಡು ದಿನದಲ್ಲೇ ಹೆಚ್ಚುಕಮ್ಮಿ ಇಡೀ ಗುಂಪು ಸೀನಲು ಶುರುಮಾಡಿತು ಅಂದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ನೆನಪಿಗೆ ಬರಬೇಕು. ಇದು ಕೋಳಿಗಳ ಕೊರೋನಾ ವೈರಸ್. ಮನುಷ್ಯರಿಗೆ ಬರುವುದಿಲ್ಲ. ವೈರಸ್ಸಿಗೆ ಔಷಧಿಯಿಲ್ಲ, ಶಾಖ ಮತ್ತು ಆರೈಕೆಯೇ ಚಿಕಿತ್ಸೆ. ಎರಡು ವಾರದೊಳಗೆ ತಗುಲಿದ ಹೆಣ್ಣುಮರಿಗಳ ಮೊಟ್ಟೆನಾಳ ಶಾಶ್ವತವಾಗಿ ಕೆಡಬಹುದು. ನೋಡಲು ಚೆನ್ನಾಗಿ ಬೆಳೆದ ಕೋಳಿ ಮೊಟ್ಟೆಯನ್ನೇ ಇಡದಿದ್ದರೆ ಅದಕ್ಕೆ ಮರಿಯಾಗಿದ್ದಾಗ ಬಂದ ಈ ಶೀತ ಕಾರಣ ಇರಬಹುದು.

ನಿಧಾನವಾಗಿ ಒಂದೊಂದೇ ಮರಿಗೆ ಹರಡಿ, ಕಣ್ಣಲ್ಲಿ ನೊರೆ, ಮೂಗಿನಲ್ಲಿ ಸಿಂಬಳ, ರಾತ್ರಿ ಗೊರಗೊರ ಇದ್ದು ವಾರಗಟ್ಟಲೆ ಎಳೆದರೆ ಅದು ಸಿಆರ್‌ಡಿ, ಅಂದರೆ ದೀರ್ಘಕಾಲದ ಉಸಿರಾಟದ ಕಾಯಿಲೆ ಇರಬಹುದು. ಮೈಕೋಪ್ಲಾಸ್ಮಾ ಅನ್ನುವ ರೋಗಾಣು ಇದಕ್ಕೆ ಕಾರಣ. ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರಬಲ್ಲದು. ಹಾಗಾಗಿ ಮರಿ ತಂದ ಕಡೆ ಯಾವ ತೊಂದರೆ ಇತ್ತು ಅಂತ ಕೇಳುವುದು ಒಳ್ಳೆಯದು. ಬರೀ ಮೈಕೋಪ್ಲಾಸ್ಮಾದಿಂದ ಮರಿ ಸಾಯುವುದು ಕಡಿಮೆ. ಅದರ ಬೆನ್ನಿಗೆ ಈ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡಾಗ ಗಾಳಿಚೀಲಗಳಲ್ಲಿ ಕೀವು ತುಂಬಿ ಪರಿಸ್ಥಿತಿ ಕೆಡುತ್ತದೆ.

ಏದುಸಿರಿನ ಜೊತೆ ಹಸಿರು ಭೇದಿ, ಕತ್ತು ತಿರುಚುವುದು, ಕಾಲು ರೆಕ್ಕೆ ಬಿದ್ದುಹೋಗುವುದು, ಸಾಲಾಗಿ ಸಾವು ಇವೆಲ್ಲ ರಾಣಿಖೇತ್ ರೋಗದ ಲಕ್ಷಣ. ಇದನ್ನು ಕೊಕ್ಕರೆ ರೋಗ ಅಂತಲೂ ಕರೆಯುತ್ತಾರೆ. ಹಕ್ಕಿಜ್ವರವೂ ನೋಡಲು ಹೀಗೇ ಇರಬಹುದು. ಇಲ್ಲಿ ಮನೆಚಿಕಿತ್ಸೆ ಮಾಡುತ್ತಾ ಕೂರುವ ಹಾಗಿಲ್ಲ. ಪಶುವೈದ್ಯ ಇಲಾಖೆಗೆ ತಿಳಿಸಿ. ಮರಿಗಳನ್ನು ಯಾರಿಗೂ ಕೊಡಬೇಡಿ, ಮಾರಬೇಡಿ.

ಮಣ್ಣಿನಲ್ಲಿ ಕೆದಕಲು ಬಿಟ್ಟ ಮರಿ ಕತ್ತು ಚಾಚಿ ಆಕಳಿಸಿದಂತೆ ಬಾಯಿ ತೆರೆಯುತ್ತಾ, ತಲೆ ಕೊಡವುತ್ತಿದ್ದರೆ ಶ್ವಾಸನಾಳದ ಹುಳ ಇರಬಹುದು. ಎರೆಹುಳ, ಬಸವನಹುಳ ತಿಂದಾಗ ಇದು ಒಳಗೆ ಸೇರುತ್ತದೆ. ಹುಳ ಬೆಳೆಯಲು ಸುಮಾರು ಎರಡು ವಾರ ಬೇಕು. ಹಾಗಾಗಿ ಪೆಟ್ಟಿಗೆಯಿಂದ ಹೊರಗೇ ಬಾರದ ವಾರದ ಮರಿಯಲ್ಲಿ ಇದನ್ನು ಹುಡುಕಬೇಡಿ. ಇದಕ್ಕೆ ಫೆನ್‌ಬೆಂಡಜೋಲ್‌ನಂಥ ಜಂತುಹುಳದ ಔಷಧಿ ಬೇಕು, ಆಂಟಿಬಯಾಟಿಕ್ ಅಲ್ಲ.

ಐದನೆಯ ಹೆಜ್ಜೆ: ಆರೈಕೆ

ಕಾಯಿಲೆ ಮರಿ ಮೊದಲು ಬಿಡುವುದು ಆಹಾರ, ಆಮೇಲೆ ನೀರು. ನೀರು ಬಿಟ್ಟರೆ ಉಳಿಯುವುದು ಕಷ್ಟ. ಉಗುರುಬೆಚ್ಚಗಿನ ನೀರು ಇಟ್ಟು, ಕೊಕ್ಕಿನ ತುದಿಯನ್ನು ಅದರಲ್ಲಿ ಒಮ್ಮೆ ಅದ್ದಿ ತೋರಿಸಿ. ಕುಡಿಯಲು ಆಗದಿದ್ದರೆ ಕೊಕ್ಕಿನ ಪಕ್ಕದ ಅಂಚಿಗೆ ಒಂದು ಹನಿ ಬಿಡಿ. ನುಂಗಿದ ಮೇಲೆ ಇನ್ನೊಂದು ಹನಿ. ಬಾಯಿ ಬಿಡಿಸಿ ಸಿರಿಂಜಿನಿಂದ ನೀರು ಒತ್ತಬೇಡಿ. ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ಇದೆ. ನೀರು ನೇರ ಶ್ವಾಸಕೋಶಕ್ಕೆ ಹೋದರೆ ಕಾಯಿಲೆಗಿಂತ ಮೊದಲು ಅದೇ ಕೊಲ್ಲುತ್ತದೆ.

ಮೂಗು ಕಟ್ಟಿದ್ದರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಮಟ್ಟಕ್ಕೆ ಉಪ್ಪು ಹಾಕಿ. ಬೆಚ್ಚಗಿರುವಾಗ ಹತ್ತಿಯಲ್ಲಿ ಅದ್ದಿ, ಹಿಂಡಿ, ಹೊಳ್ಳೆಯ ಮೇಲಿನ ಗಟ್ಟಿ ಪದರವನ್ನು ನೆನೆಸಿ ಒರೆಸಿ. ಕಣ್ಣಿಗೂ ಇದೇ ನೀರು, ಆದರೆ ಬೇರೆ ಹತ್ತಿ. ಈ ನೀರನ್ನು ಕುಡಿಸಬೇಡಿ.

ಮನುಷ್ಯರ ಶೀತದ ಮುಲಾಮು, ಕರ್ಪೂರ, ಹೊಗೆ ಹಾಕುವುದು, ಬಿಸಿನೀರಿನ ಆವಿ ಯಾವುದೂ ಬೇಡ. ಘಾಟಿನ ವಸ್ತು ಕೆರಳಿದ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತದೆ. ಆವಿಯಿಂದ ಮೈ ಒದ್ದೆಯಾದ ಮರಿಗೆ ಮತ್ತೆ ಚಳಿ. ಒಣ ಪುಡಿ ಆಹಾರದ ದೂಳು ತೊಂದರೆ ಕೊಡುತ್ತಿದ್ದರೆ ಅದನ್ನೇ ನೀರಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪ ಕೊಡಿ. ಉಳಿದದ್ದನ್ನು ಒಂದೆರಡು ಗಂಟೆಯಲ್ಲಿ ತೆಗೆಯಿರಿ, ಶಾಖದಲ್ಲಿ ಬೇಗ ಹುಳಿಯುತ್ತದೆ.

ಆರನೆಯ ಹೆಜ್ಜೆ: ಈಗ ಔಷಧಿ

ಸಿಆರ್‌ಡಿ ಅಥವಾ ಅದರ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ಸೋಂಕು ಅಂತ ವೈದ್ಯರಿಗೆ ಅನ್ನಿಸಿದರೆ ಟೈಲೋಸಿನ್ ಅಥವಾ ಡಾಕ್ಸಿಸೈಕ್ಲಿನ್ ಬಗೆಯ ಔಷಧಿ ಬರೆದುಕೊಡಬಹುದು. ಪ್ರಮಾಣ ಮರಿಯ ತೂಕ, ಕುಡಿಯುವ ನೀರು, ಪೊಟ್ಟಣದ ಶಕ್ತಿ ಇವುಗಳ ಮೇಲೆ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಅಳತೆ ಬರೆದಿಲ್ಲ. ಪೆನ್ಸಿಲಿನ್, ಅಮಾಕ್ಸಿಸಿಲಿನ್ ಮೈಕೋಪ್ಲಾಸ್ಮಾಗೆ ತಾಗುವುದೇ ಇಲ್ಲ. ಅವು ರೋಗಾಣುವಿನ ಕೋಶಗೋಡೆಯನ್ನು ಒಡೆದು ಕೊಲ್ಲುವ ಔಷಧಿಗಳು, ಮೈಕೋಪ್ಲಾಸ್ಮಾಗೆ ಆ ಗೋಡೆಯೇ ಇಲ್ಲ. ಎನ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಹೆಸರೂ ಕೇಳಿರುತ್ತೀರಿ. ಮನುಷ್ಯರಿಗೆ ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂತಾಗುತ್ತಿದೆ ಅನ್ನುವ ಕಾರಣಕ್ಕೆ ಅಮೆರಿಕ ಅದನ್ನು 2005ರಲ್ಲಿ ಕೋಳಿಗಳಿಗೆ ನಿಷೇಧಿಸಿತು. ಮಾತು ಮಾತಿಗೆ ಬಳಸುವ ಔಷಧಿ ಅದಲ್ಲ.

ಔಷಧಿ ಬೆರೆಸಿದ ನೀರನ್ನು ಬಿಟ್ಟು ಬೇರೆ ನೀರು ಆ ದಿನಗಳಲ್ಲಿ ಸಿಗಬಾರದು. ದಿನಾ ಹೊಸದಾಗಿ ಕಲಸಿ. ಡಾಕ್ಸಿಸೈಕ್ಲಿನ್ ಕೊಡುವಾಗ ಹಾಲು, ಕ್ಯಾಲ್ಸಿಯಂ ಟಾನಿಕ್ ಬೇಡ, ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೇ ದಿನ ಮರಿ ಚುರುಕಾಯಿತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ. ನೀರೇ ಕುಡಿಯದ ಮರಿಗೆ ನೀರಿನಲ್ಲಿ ಔಷಧಿ ಹಾಕಿ ಲಾಭವಿಲ್ಲ, ಅದನ್ನು ವೈದ್ಯರಿಗೆ ಹೇಳಿ. ಔಷಧಿ ಕೊಟ್ಟ ಮೇಲೆ ಮಾಂಸ, ಮೊಟ್ಟೆ ಬಳಸಲು ಎಷ್ಟು ದಿನ ಬಿಡಬೇಕು ಅನ್ನುವುದನ್ನೂ ಕೇಳಿ ಬರೆದಿಡಿ.

ಮರಿ ಸತ್ತರೆ

ಎಸೆಯುವ ಮುಂಚೆ ಯೋಚಿಸಿ. ಒಂದು ಸತ್ತ ಮರಿಯ ಪರೀಕ್ಷೆ ಉಳಿದ ಎಲ್ಲವನ್ನೂ ಉಳಿಸಬಹುದು. ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಫ್ರಿಜ್ಜಿನಲ್ಲಿ ಅಥವಾ ಮಂಜುಗಡ್ಡೆಯ ನಡುವೆ ಇಟ್ಟು, ಒಂದು ದಿನದೊಳಗೆ ಪ್ರಯೋಗಾಲಯಕ್ಕೆ ತಲುಪಿಸಿ. ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಬೇಡಿ, ಅಂಗಾಂಶ ಒಡೆದು ಪರೀಕ್ಷೆ ಕೆಡುತ್ತದೆ. ಹಕ್ಕಿಜ್ವರದ ಅನುಮಾನ ಇದ್ದರೆ ನೀವು ಮುಟ್ಟದೆ ಇಲಾಖೆಯವರು ಹೇಳಿದಂತೆ ಮಾಡಿ. ಪರೀಕ್ಷೆ ಬೇಡದಿದ್ದರೆ ಆಳವಾಗಿ ಹೂಳಿ, ನಾಯಿ ಕೆದಕದ ಹಾಗೆ.

ಗುಣವಾದ ಮೇಲೆ

ಹಾಸೆಲ್ಲ ತೆಗೆದು, ಸೋಪುನೀರಿನಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆ ಬ್ಲೀಚ್ ಹಾಕಿ. ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಹತ್ತು ಪಾಲು ನೀರು. ಹಿಕ್ಕೆ ಮೆತ್ತಿದ ಜಾಗಕ್ಕೆ ನೇರವಾಗಿ ಸುರಿಯಬೇಡಿ. ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡುವುದಿಲ್ಲ, ಅಮೋನಿಯಾ ಜೊತೆ ಸೇರಿ ವಿಷದ ಗಾಳಿ ಬೇರೆ ಏಳುತ್ತದೆ. ಆಮೇಲೆ ಬಿಸಿಲಿಗಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಮರಿಗಳನ್ನು ಬಿಡಿ.

ಸಿಆರ್‌ಡಿ ಬಂದು ಗುಣವಾದ ಮರಿ ನೋಡಲು ಚೆನ್ನಾಗಿದ್ದರೂ ಜೀವನಪೂರ್ತಿ ರೋಗಾಣು ಹೊತ್ತಿರಬಹುದು. ಚಳಿ, ಸಾಗಣೆ, ಆಹಾರದ ಬದಲಾವಣೆಯಿಂದ ಸುಸ್ತಾದಾಗ ಮತ್ತೆ ಹರಡುತ್ತದೆ. ಅಂಥ ಗುಂಪಿನ ಕೋಳಿಗಳನ್ನು ಬೇರೆಯವರಿಗೆ ಸಾಕಲು ಕೊಡಬೇಡಿ, ಅವುಗಳ ಮೊಟ್ಟೆಯಿಂದ ಮರಿ ಮಾಡಿಸಬೇಡಿ. ಅವು ಇರುವ ಜಾಗಕ್ಕೆ ಹೊಸ ಮರಿ ಸೇರಿಸುವುದೂ ಬೇಡ. ಹೊಸ ಮರಿ ತರಲೇಬೇಕು ಅಂದರೆ ಹಳೆಯ ಗುಂಪು ಪೂರ್ತಿ ಖಾಲಿಯಾಗಿ, ಜಾಗ ತೊಳೆದು ಕೆಲವು ವಾರ ಬಿಟ್ಟ ಮೇಲೆ ತನ್ನಿ. ಬೇರೆ ಸಂದರ್ಭದಲ್ಲಾದರೆ ಹೊಸದಾಗಿ ಬಂದವನ್ನು 30 ದಿನ ದೂರ ಇಟ್ಟು, ರಾತ್ರಿ ಕಿವಿಗೊಟ್ಟು ಕೇಳಿ, ಸದ್ದಿಲ್ಲ ಅಂತ ಗೊತ್ತಾದ ಮೇಲೆಯೇ ಹಳೆಯವುಗಳ ಜೊತೆ ಬಿಡಿ.